ಪುಸ್ತಕವಿಲ್ಲದ ಮೇಷ್ಟ್ರು

ನಮ್ಮಲ್ಲಿ ಇಂಗ್ಲಿಷ್ ಎಂ.ಎ. ಓದಿದವರಿಗೆ ವಿಲಿಯಂ ಎಂಪ್ಸನ್ ಎಂದರೆ ಪರೀಕ್ಷೆಯ ಹಿಂದಿನ ರಾತ್ರಿಯ ತಲೆನೋವು. ಕವಿತೆಯ ಸಾಲು ಎಷ್ಟು ಬಗೆಯಲ್ಲಿ ಅನೇಕಾರ್ಥ ಕೊಡಬಲ್ಲದೆಂದು ಲೆಕ್ಕ ಹಾಕಿ, ಏಳು ಎಂದು ತೀರ್ಮಾನಿಸಿ, 1930ರಲ್ಲಿ ಪುಸ್ತಕ ಬರೆದ ಪುಣ್ಯಾತ್ಮ. ಆಗ ಆತನಿಗೆ 24 ವರ್ಷ. ಆ ವಯಸ್ಸಿನಲ್ಲಿ ನಮಗೆ ಒಂದು ಅರ್ಥ ಹೊಳೆದಿದ್ದರೇ ಹೆಚ್ಚು.

1937ರಲ್ಲಿ ಎಂಪ್ಸನ್ ಚೀನಾದ ಪೀಕಿಂಗ್ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಹೊರಟ. ಮುಹೂರ್ತ ಚೆನ್ನಾಗಿರಲಿಲ್ಲ. ಜುಲೈನಲ್ಲಿ ಜಪಾನ್ ಯುದ್ಧ ಹೂಡಿತು. ಮೇಷ್ಟ್ರು ಕೆಲಸಕ್ಕೆ ಸೇರುವ ಮೊದಲೇ ವಿಶ್ವವಿದ್ಯಾಲಯ ಊರು ಬಿಡಬೇಕಾಯಿತು. ಪೀಕಿಂಗ್, ತ್ಸಿಂಗ್‌ಹುವಾ, ನಾನ್‌ಕೈ ಮೂರೂ ವಿಶ್ವವಿದ್ಯಾಲಯಗಳು ಸೇರಿ ಹುನಾನ್ ಪ್ರಾಂತ್ಯದಲ್ಲಿ ಬಿಡಾರ ಹೂಡಿದವು. ಸಾಹಿತ್ಯದ ತರಗತಿಗಳಿಗೆ ಸಿಕ್ಕಿದ್ದು ನಾನ್‌ಯುವೆ ಎಂಬ ಪುಣ್ಯಕ್ಷೇತ್ರದ ಬೆಟ್ಟ. ಮೇಷ್ಟ್ರು ಬಂದರು, ಹುಡುಗರು ಬಂದರು. ಪುಸ್ತಕಗಳು ಮಾತ್ರ ಬರಲಿಲ್ಲ.

ಬಾಯಿಪಾಠ ಎಂದರೆ ಮೂಗು ಮುರಿಯುವ ಕಾಲ ನಮ್ಮದು. ಎಂಪ್ಸನ್ ಬದುಕಿಕೊಂಡದ್ದೇ ಬಾಯಿಪಾಠದಿಂದ. ನೆನಪಿನಲ್ಲಿದ್ದ ಪದ್ಯಗಳನ್ನು ಕಪ್ಪುಹಲಗೆಯ ಮೇಲೆ ಬರೆಯುವುದು, ಆಮೇಲೆ ವಿವರಿಸುವುದು. ಒಥೆಲೋ ನಾಟಕವನ್ನು ಇಡಿಯಾಗಿ ನೆನಪಿನಿಂದಲೇ ಟೈಪು ಮಾಡಿ ಹಂಚಿದನೆಂಬ ಕತೆಯೂ ಹುಟ್ಟಿಕೊಂಡಿತು. ನಂಬುವುದು ಬಿಡುವುದು ನಿಮ್ಮಿಷ್ಟ. ಮೇಷ್ಟ್ರ ಮೇಲೆ ಶಿಷ್ಯರು ಇಂಥ ಕತೆ ಕಟ್ಟತೊಡಗಿದರೆ ಪಾಠ ಚೆನ್ನಾಗಿತ್ತೆಂದೇ ಲೆಕ್ಕ. ಕೆಟ್ಟ ಮೇಷ್ಟ್ರಿಗೆ ಅಡ್ಡಹೆಸರು ಮಾತ್ರ ದಕ್ಕುತ್ತದೆ.

ತಮಾಷೆಯೆಂದರೆ, ಆತನ ಆ ಪ್ರಸಿದ್ಧ ಪುಸ್ತಕದಲ್ಲೇ ನೆನಪಿನಿಂದ ಉದ್ಧರಿಸಿದ ಸಾಲುಗಳು ಅಲ್ಲಲ್ಲಿ ತಪ್ಪಿವೆ. ಇಂಗ್ಲೆಂಡಿನ ಪಂಡಿತರು ಮೂಲ ತೆಗೆದು ತಾಳೆ ನೋಡಿಯಾರು. ನಾನ್‌ಯುವೆ ಬೆಟ್ಟದಲ್ಲಿ ಯಾರು, ಯಾವುದರ ಜೊತೆ ತಾಳೆ ನೋಡಬೇಕು? ಅಂಥ ಭಾಗ್ಯ ಎಷ್ಟು ಮೇಷ್ಟ್ರಿಗುಂಟು!

1938ರಲ್ಲಿ ಅಲ್ಲಿಂದಲೂ ಗಂಟುಮೂಟೆ ಕಟ್ಟಿ ದೂರದ ಯುನ್ನಾನ್‌ಗೆ ಹೊರಡಬೇಕಾಯಿತು. ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಕೆಲವು ಅಧ್ಯಾಪಕರೊಡನೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದಾರಿಯನ್ನು ಬಹುಪಾಲು ನಡೆದೇ ಅಲ್ಲಿನ ಕುನ್‌ಮಿಂಗ್ ಮುಟ್ಟಿದರು. ಬಸ್ಸು ತಪ್ಪಿತೆಂದು ಮೊದಲ ಪೀರಿಯಡ್ಡಿಗೆ ಚಕ್ಕರ್ ಹಾಕಿದವರು ಈ ಸಾಲನ್ನು ಎರಡು ಸಲ ಓದಬಹುದು. ಅಲ್ಲಿ ಕಟ್ಟಿದ ತರಗತಿಗಳಿಗೆ ತಗಡಿನ ಮಾಡು. ಜೋರು ಮಳೆ ಹೊಡೆದರೆ ಪಾಠ ಯಾರಿಗೂ ಕೇಳದು.

ಹೀಗೆ ಕಲಿತವರಲ್ಲಿ ಮು ದಾನ್ ಚೀನೀ ಆಧುನಿಕ ಕಾವ್ಯದ ದೊಡ್ಡ ಹೆಸರಾದ. ವಾಂಗ್ ಜೊಲಿಯಾಂಗ್ ಇಂಗ್ಲಿಷ್ ಸಾಹಿತ್ಯದ ಹೆಸರಾಂತ ವಿದ್ವಾಂಸನಾದ. ಎಂಪ್ಸನ್ 1939ರಲ್ಲಿ ಹೊರಟವನು 1947ರಲ್ಲಿ ಮತ್ತೆ ಪೀಕಿಂಗಿಗೆ ಹೋಗಿ 1952ರವರೆಗೆ ಪಾಠ ಹೇಳಿದ.

ಪ್ರೊಜೆಕ್ಟರ್ ಕೈಕೊಟ್ಟಿತೆಂದು ತರಗತಿ ಬಿಟ್ಟುಬಿಡುವ ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ: ಮುಂದಿನ ಸಲ ಕರೆಂಟು ಹೋದಾಗ ನೆನಪಿರುವ ಒಂದು ಪದ್ಯ ಹೇಳಿ ನೋಡಿ. ತಪ್ಪಿದರೂ ಪರವಾಗಿಲ್ಲ.