ಗಿಟಾರಿನ ಬೆನ್ನಿಗೆ ನಮ್ಮ ಬೀಟೆ

ಬೀಟೆ ಅಂದ್ರೆ ನಮಗೆ ಮಂಚ, ಕುರ್ಚಿ, ದೊಡ್ಡ ಬಾಗಿಲು. ಅಲ್ಲವೇ ಭಾವ? ಗಿಟಾರು ಕಟ್ಟುವವರ ಮುಂದೆ ಬೀಟೆ ಹಲಗೆ ಇಟ್ಟು ನೋಡಿ. ಮೊದಲು ಬೆರಳಿನಿಂದ ತಟ್ಟಿ ಕಿವಿ ಕೊಡ್ತಾರೆ. ಒಳ್ಳೇ ಬೀಟೆ ಠಣ್ ಅಂತ ದನಿ ಬಿಟ್ಟು ಎಷ್ಟೋ ಹೊತ್ತು ಗುಂಯ್‌ಗುಡುತ್ತೆ.

ಅಮೆರಿಕದ ಮಾರ್ಟಿನ್ ಕಂಪನಿ 1833ರಿಂದ ಗಿಟಾರು ಮಾಡ್ತಿದೆ. ಅವರ ಡಿ-28 ಅನ್ನೋ ಮಾದರಿಯ ಹಿಂಭಾಗ, ಪಕ್ಕಗಳಿಗೆ ಬಹುಕಾಲ ಬ್ರೆಜಿಲ್ ದೇಶದ ರೋಸ್‌ವುಡ್ಡೇ ಬೇಕಿತ್ತು. 1960ರ ದಶಕದ ಕೊನೆಗೆ ಬ್ರೆಜಿಲ್ ತನ್ನ ದಿಮ್ಮಿಗಳು ಹೊರಗೆ ಹೋಗದ ಹಾಗೆ ತಡೀತು. ಆಗ ಮಾರ್ಟಿನ್‌ನವರು ಹಿಡಿದದ್ದು ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಳೆಯೋ ಈ ಬೀಟೆಯನ್ನೇ. 1969ರಿಂದ ಡಿ-28ರ ಬೆನ್ನು ಇದೇ ಜಾತಿಯ ಮರದ್ದು.

'ಹಂಗಾದ್ರೆ ಹಳೇ ಗಿಟಾರಿಗೆ ಲಕ್ಷಗಟ್ಟಲೆ ಸುರಿಯೋದು ಆ ಬ್ರೆಜಿಲ್ ಮರಕ್ಕೇನು?' ಅಂತ ಕೇಳ್ತೀರಿ. ಮರ ಒಂದು ಕಾರಣ, ನಿಜ. 1992ರಿಂದ ಅದರ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿಷೇಧ ಇರೋದ್ರಿಂದ ಹಳೇ ದಾಸ್ತಾನಿಗೆ ಬಂಗಾರದ ಬೆಲೆ. ಮಾಡಿದ್ದೇ ಕಡಿಮೆ ಅನ್ನೋದು ಇನ್ನೊಂದು. 1933ರಿಂದ 1942ರವರೆಗೆ ಮಾರ್ಟಿನ್‌ನವರು ಡಿ-45 ಮಾದರಿಯಲ್ಲಿ ಕಟ್ಟಿದ್ದು ಬರೀ 91. ಆದರೆ ನನಗೆ ಮುಖ್ಯ ಅನ್ನಿಸೋದು ಹೊಟ್ಟೆಯೊಳಗಿನ ಕೆಲಸ. ತಂತಿ ಮೀಟಿದಾಗ ನಡುಗಬೇಕಾದ್ದು ಮುಂದಿನ ತೆಳು ಸ್ಪ್ರೂಸ್ ಹಲಗೆ. ಅದರ ಒಳಮೈಗೆ ಇಂಟು ಗುರುತಿನ ಆಕಾರದಲ್ಲಿ ಮರದ ಪಟ್ಟಿಗಳನ್ನು ಅಂಟಿಸಿರ್ತಾರೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಕೆಲಸಗಾರರು ಆ ಪಟ್ಟಿಗಳನ್ನು ಅಲ್ಲಲ್ಲಿ ಕೆತ್ತಿ ಹಗುರ ಮಾಡ್ತಿದ್ದರು. ಹಲಗೆ ಸಲೀಸಾಗಿ ನಡುಗಿ ದನಿ ತುಂಬಿ ಬರ್ತಿತ್ತು. ಜನ ದಪ್ಪ ತಂತಿ ಕಟ್ಟೋಕೆ ಶುರು ಮಾಡಿದ ಮೇಲೆ ಆ ಎಳೆತಕ್ಕೆ ಹಲಗೆಗಳು ಉಬ್ಬಿದವು. 1944ರಲ್ಲಿ ಕಂಪನಿ ಹಾಗೆ ಕೆತ್ತೋದನ್ನೇ ಬಿಟ್ಟಿತು. ಇವತ್ತು ಗಿರಾಕಿ ಹೇಳಿದ ಹಾಗೆ ಒಂದೊಂದೇ ಗಿಟಾರು ಕಟ್ಟೋ ಕುಶಲಕರ್ಮಿಗಳಲ್ಲಿ ಎಷ್ಟೋ ಜನ ಮತ್ತೆ ಆ ಹಳೇ ಕೆತ್ತನೆಗೇ ಹೋಗಿದ್ದಾರೆ.

ದನಿಯ ಗುಟ್ಟು ಇರೋದು ಬೆನ್ನಿನಲ್ಲಲ್ಲ, ಮುಂದಿನ ಹಲಗೆಯಲ್ಲಿ ಅನ್ನೋದನ್ನು ಸ್ಪೇನಿನ ಗಿಟಾರು ಕುಶಲಕರ್ಮಿ ಆಂಟೋನಿಯೊ ದೆ ಟೊರೆಸ್ 1862ರಲ್ಲೇ ತೋರಿಸಿಕೊಟ್ಟಿದ್ದ. ಮುಂದಿನ ಹಲಗೆ ಮಾತ್ರ ಒಳ್ಳೇ ಮರದ್ದು ಹಾಕಿ, ಹಿಂಭಾಗ ಪಕ್ಕಗಳನ್ನು ಕಾಗದದ ರಟ್ಟಿನಲ್ಲಿ ಮಾಡಿ ಗಿಟಾರು ಕಟ್ಟಿದ. ಬಾರ್ಸಿಲೋನಾದ ಸಂಗೀತ ಸಂಗ್ರಹಾಲಯದಲ್ಲಿ ಅದು ಈಗಲೂ ಇದೆ.

ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆಗೆ ಒಡ್ಡಿ 2018ರಲ್ಲಿ ಪ್ರಕಟಿಸಿದರು. ಒಬ್ಬರ ಕೈಯಲ್ಲೇ ಆರು ಗಿಟಾರು ಕಟ್ಟಿಸಿದರು. ಬೆನ್ನಿನ ಮರ ಮಾತ್ರ ಬೇರೆ ಬೇರೆ: ಬ್ರೆಜಿಲಿನದು, ನಮ್ಮ ಬೀಟೆ, ಮಹಾಗನಿ, ಮೇಪಲ್, ಹೀಗೆ. ಮರ ಗುರುತು ಸಿಗದ ಹಾಗೆ ಮಬ್ಬು ಬೆಳಕಿನಲ್ಲಿ 52 ಜನ ವಾದಕರಿಗೆ ಕೊಟ್ಟರು. ದನಿಗೆ ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಬರಲಿಲ್ಲ.

ಇದನ್ನು ಓದಿದಾಗ ನನಗೆ ಬಹಳ ಖುಷಿಯಾಯ್ತು ಭಾವ. ಬ್ರೆಜಿಲಿನದು ಸಿಗದೆ ಹೋದದ್ದಕ್ಕೆ ಹಾಕಿದ ಕೆಳದರ್ಜೆ ಮರ ಅಂತ ನಮ್ಮ ಬೀಟೆಯನ್ನು ಆಡಿಕೊಳ್ಳೋ ಹಾಗೇ ಇಲ್ಲ. ಹಾಗೆಯೇ ಈ ಮರ ಇಲ್ಲದೆ ಒಳ್ಳೇ ಗಿಟಾರೇ ಇಲ್ಲ ಅನ್ನೋ ಹಟವೂ ಬೇಡ. ಎರಡನೇ ಮಾತು ನಮ್ಮ ಕಾಡಿಗೆ ಒಳ್ಳೇದು. ನಿಧಾನಕ್ಕೆ ಬೆಳೆಯೋ ಮರ ಇದು, ಕಳ್ಳಗಡಿತದಿಂದ ಎಷ್ಟು ನಲುಗಿದೆ ನಿಮಗೇ ಗೊತ್ತು. 2017ರಿಂದ ಇದರ ವಿದೇಶಿ ವ್ಯಾಪಾರಕ್ಕೂ ಪರವಾನಗಿಯ ಕಟ್ಟು ಬಿದ್ದಿದೆ. 2019ರಲ್ಲಿ ಸಿದ್ಧ ವಾದ್ಯಗಳಿಗೆ ಮಾತ್ರ ವಿನಾಯಿತಿ ಕೊಟ್ಟರು.

ಅದಕ್ಕೇ ನಿಮ್ಮ ಮಗಳು ಗಿಟಾರು ಬೇಕು ಅಂದಾಗ ಬೆನ್ನು ಯಾವ ಮರದ್ದು ಅಂತ ಮೊದಲೇ ಕೇಳಬೇಡಿ. ಮುಂದಿನ ಹಲಗೆ ಗಟ್ಟಿ ಮರದ್ದೋ ಪ್ಲೈವುಡ್ಡೋ ನೋಡಿ. ಕುತ್ತಿಗೆ ನೆಟ್ಟಗಿದೆಯೇ, ಎಲ್ಲ ಫ್ರೆಟ್ಟಿನಲ್ಲೂ ಸ್ವರ ಸರಿಯಾಗಿ ನಿಲ್ಲುತ್ತದೆಯೇ ನುಡಿಸಿ ನೋಡಲಿ. ಹಳೇದು ಸಿಕ್ಕಿದರೆ ಇನ್ನೂ ಒಳ್ಳೇದು. ಸವೆದ ಫ್ರೆಟ್ಟು ಬದಲಾಯಿಸಬಹುದು, ಬಿರುಕಿಗೆ ಒಳಗಿಂದ ತೇಪೆ ಹಚ್ಚಬಹುದು, ವಾಲಿದ ಕುತ್ತಿಗೆಯನ್ನು ಬಿಚ್ಚಿ ಮತ್ತೆ ಕೂರಿಸಬಹುದು. ಕಡಿದ ಮರ ಹೇಗೂ ಕಡಿದಾಯ್ತು, ಅದು ಇನ್ನೊಂದು ತಲೆಮಾರು ನುಡಿಯಲಿ.