ಬೀಗರೆದುರು ಬಿಗಿ ಚಡ್ಡಿ

ಚಡ್ಡಿಯ ವಿಷಯಕ್ಕೆ ಆಮೇಲೆ ಬರುತ್ತೇನೆ, ಮೊದಲು ಅಕ್ಕ. ಬಡ ರೋಗಿಗಳ ಡಯಾಲಿಸಿಸ್ ಖರ್ಚಿಗೆ ದುಡ್ಡು ಎತ್ತಲು ಕನಕಪುರದಿಂದ ಸಂಗಮಕ್ಕೆ ಸೈಕಲ್ ಸವಾರಿಯಂತೆ, ಅವಳ ಹೆಸರು ಕೊಟ್ಟಾಯಿತಂತೆ, ನನ್ನದನ್ನೂ ಕೊಟ್ಟಾಯಿತಂತೆ. ಅರವತ್ತು ದಾಟಿದ ಅಕ್ಕ ಹೊರಟು ನಿಂತಾಗ ತಮ್ಮನಾದವನು ಮಂಡಿನೋವು ಅನ್ನುವುದಾದರೂ ಹೇಗೆ? ಭಾವ ಹೋದದ್ದು ಅದೇ ಕಾಯಿಲೆಯಲ್ಲಿ. ಆ ಮಾತನ್ನು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ತುಳಿದು ದಾನ ಎತ್ತುವುದು ಹೊಸದೇನಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1980ರಿಂದ ಪ್ಯಾನ್-ಮ್ಯಾಸ್ ಚಾಲೆಂಜ್ ಸವಾರರು ಕ್ಯಾನ್ಸರ್ ಆಸ್ಪತ್ರೆಗೆ ಹಣ ಎತ್ತುತ್ತಿದ್ದಾರೆ. ನಮ್ಮ ಕಡೆ 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್‌ನವರು ಘಾಟಿ ಹತ್ತಿ ಎತ್ತುತ್ತಾರೆ. ಇದರ ಗುಟ್ಟು ನನಗೆ ಆಫೀಸಿನಲ್ಲೇ ತಿಳಿಯಿತು. ಸುಮ್ಮನೆ ಕೇಳಿದರೆ ಚಿಲ್ಲರೆ ಇಲ್ಲ ಅನ್ನುವ ಸಹೋದ್ಯೋಗಿಗಳು, ನಾನು ಏದುಸಿರು ಬಿಡುತ್ತಾ ದಿಣ್ಣೆ ಹತ್ತುತ್ತೇನೆಂದು ಗೊತ್ತಾದ ಕೂಡಲೇ ಧಾರಾಳವಾಗಿ ಕೊಟ್ಟರು. ಒಬ್ಬರು ವಿಡಿಯೋ ಕಳಿಸಬೇಕೆಂದು ಷರತ್ತನ್ನೂ ಹಾಕಿದರು.

ಇನ್ನು ಚಡ್ಡಿ. ಕೂರುವ ಜಾಗದಲ್ಲಿ ಅಂಗೈ ದಪ್ಪದ ಮೆತ್ತೆ, ಉಳಿದ ಕಡೆ ಚರ್ಮಕ್ಕೇ ಬಳಿದಷ್ಟು ಬಿಗಿ. "ಒಳಗಡೆ ಏನೂ ಹಾಕಬಾರದು ಸರ್" ಎಂದ ಅಂಗಡಿ ಹುಡುಗ, ಇಡೀ ಅಂಗಡಿಗೆ ಕೇಳುವ ಹಾಗೆ.

ಬೆಳಿಗ್ಗೆ ಹೊರಟೆವು. ಜೊತೆಯಲ್ಲಿದ್ದ ತರುಣರ ಮಾತೆಲ್ಲ ಕಾರ್ಬನ್ ಫ್ರೇಮಿನದು, ಎದೆಬಡಿತದ್ದು. ಅವರಲ್ಲೊಬ್ಬನ ಸೈಕಲ್ ಮಾರಿದ್ದರೆ ಎಷ್ಟು ಜನರ ಡಯಾಲಿಸಿಸ್ ಆಗುತ್ತಿತ್ತೋ! "ವಿಲೇಜ್ ರೋಡ್ ಸೂಪರ್ ಅಂಕಲ್" ಎಂದ ಅವನು. ನಮ್ಮ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟ ಮೇಲೆ ದಾರಿಗಡ್ಡ ನಿಂತ ಆ ಎಮ್ಮೆಯೂ ಬೆಂಗಳೂರಿನದೇ ಕಣಪ್ಪ ಅನ್ನಬೇಕೆನಿಸಿತು, ಉಸಿರಿರಲಿಲ್ಲ. ರಾಗಿ ಹೊಲ, ಹಿಪ್ಪುನೇರಳೆ ತೋಟ, ಏರು, ಮತ್ತೆ ಏರು. ಅಕ್ಕ ಚೂಡಿದಾರದ ಮೇಲೆ ಟೀ ಶರ್ಟು ಏರಿಸಿ, ಮುಂದೆ ಬುಟ್ಟಿಯಿರುವ ಲೇಡೀಸ್ ಸೈಕಲ್ಲಿನಲ್ಲಿ ಹಿಟ್ಟಿನ ಗಿರಣಿಗೆ ಹೊರಟವಳಂತೆ ತುಳಿಯುತ್ತಿದ್ದಳು. ಯಾವಾಗಲೂ ನನಗಿಂತ ಮುಂದೆ.

ಉಯ್ಯಂಬಳ್ಳಿಯಲ್ಲಿ ಟೀಗೆ ನಿಂತೆವು. ಬಲಗೈಲಿ ಗ್ಲಾಸು, ಎಡಗೈಲಿ ಹೆಲ್ಮೆಟ್. ಹೆಲ್ಮೆಟ್ ಎಲ್ಲಿತ್ತೆಂದರೆ, ಮರ್ಯಾದಸ್ಥನೊಬ್ಬ ಅಂಥ ಚಡ್ಡಿಯಲ್ಲಿ ಎಲ್ಲಿ ಹಿಡಿಯುತ್ತಾನೋ ಅಲ್ಲಿ. ಆಗ ಹಿಂದಿನಿಂದ ಕೇಳಿಸಿತು: "ಓಹೋ, ಬೀಗ್ರು!"

ನನ್ನ ಮಗಳ ಮಾವನ ಅಣ್ಣ. ಬಿಳಿ ಪಂಚೆ, ಬಿಳಿ ಶರ್ಟು, ಹೆಗಲ ಮೇಲೆ ಟವೆಲ್ಲು. ಎರಡೂ ಕೈ ಎತ್ತಿ ಮುಗಿದರು.

ಬೀಗರು ಕೈ ಮುಗಿದರೆ ಬೀಗರು ಎರಡೂ ಕೈಲೇ ಮುಗಿಯಬೇಕು. ಒಂಟಿಗೈ ಎತ್ತಿದರೆ ಆ ಸುದ್ದಿ ಮುಂದಿನ ಮೂರು ಮದುವೆಗಳಲ್ಲಿ ಎಲೆ ಮುಂದೆ ಕೂರುತ್ತದೆ. ಗ್ಲಾಸು ಇಡೋಣವೆಂದರೆ ಬೆಂಚು ನನ್ನ ಬೆನ್ನ ಹಿಂದಿದೆ, ತಿರುಗಿದರೆ ಮೆತ್ತೆಯ ದರ್ಶನ. ಹೆಲ್ಮೆಟ್ ತೆಗೆದರೆ ಇನ್ನೊಂದು ದರ್ಶನ. ತಲೆಗೇ ಹಾಕಿಕೊಂಡರೆ? ಅದಕ್ಕೂ ಮೊದಲು ಅದನ್ನು ಅಲ್ಲಿಂದ ಎತ್ತಬೇಕಲ್ಲ! ಬೀಗರು ಮುಗಿದ ಕೈ ಇಳಿಸಲೊಲ್ಲರು. ಹೋಟೆಲಿನವನು ಸೌಟು ಹಿಡಿದು ನೋಡುತ್ತಿದ್ದಾನೆ. ಕೊನೆಗೆ ಗ್ಲಾಸನ್ನು ಹೆಲ್ಮೆಟ್ಟಿನೊಳಗಿಟ್ಟು, ಮೊಣಕೈಗಳಿಂದ ಹೆಲ್ಮೆಟ್ಟನ್ನು ಹೊಟ್ಟೆಗೆ ಅದುಮಿ, ಸೊಂಟ ಬಗ್ಗಿಸಿ ಕೈ ಮುಗಿದೆ. ಟೀ ಹೆಲ್ಮೆಟ್ಟಿನ ಗಾಳಿಕಿಂಡಿಗಳಿಂದ ಒಂದೊಂದೇ ತೊಟ್ಟಾಗಿ ತೊಡೆಗಿಳಿಯಿತು. ಬಿಸಿಯಾಗಿತ್ತು. ಆದರೂ ನಕ್ಕೆ. ಅಕ್ಕ ಅತ್ತ ತಿರುಗಿ ಸೆರಗಿಲ್ಲದ ಕಡೆ ಸೆರಗು ಹುಡುಕಿ ಬಾಯಿಗೆ ಒತ್ತಿಕೊಳ್ಳುತ್ತಿದ್ದಳು.

"ಯಾವ ಹರಕೆ ಬೀಗ್ರೆ?" ಎಂದರು ಅವರು, ಗಂಭೀರವಾಗಿಯೇ. ತಪ್ಪೇನಿಲ್ಲ. ಶಿವರಾತ್ರಿಗೆ ಮುಂಚೆ ಈ ಸೀಮೆಯ ಜನ ಉಘೇ ಮಾದಪ್ಪ ಎನ್ನುತ್ತಾ ನಡೆದು, ಸಂಗಮದಲ್ಲಿ ಕಾವೇರಿ ದಾಟಿ, ಕಾಡಿನೊಳಗೆ ಹಾದು ಮಲೆ ಮಹದೇಶ್ವರ ಬೆಟ್ಟ ಸೇರುತ್ತಾರೆ. ಮೈ ದಂಡಿಸುವವರನ್ನು ಕಂಡರೆ ಇಲ್ಲಿ ಮೊದಲು ಹೊಳೆಯುವುದು ಮಾದಪ್ಪನೇ.

ಅಕ್ಕ ಡಯಾಲಿಸಿಸ್ ವಿಷಯ ಹೇಳಿದಳು. ಬೀಗರು ತಲೆಯಾಡಿಸಿದರು. "ನಮ್ ಕಡೆ ಹೈದ ಒಬ್ಬವ್ನೆ ಕಣವ್ವ. ವಾರಕ್ಕೆ ಮೂರ್ ದಪ ಆಸ್ಪತ್ರೆಗೋಯ್ತಾನೆ. ನಾಕ್ ಗಂಟೆ ಮಿಸಿನ್ನು. ಬರೋವಾಗ ಬಸ್ಸಲ್ಲಿ ಸೀಟ್ ಸಿಕ್ಕಾಕಿಲ್ಲ, ನಿಂತ್ಕಂಡೇ ಬತ್ತಾನೆ."

"ನೀರು ಎಷ್ಟು ಕುಡೀಬೇಕು ಅಂತ ಹೇಳವ್ರಾ?" ಎಂದು ಅಕ್ಕ ಕೇಳಿದಳು. ಭಾವನಿಗೆ ದಿನದ ನೀರನ್ನು ಅವಳೇ ಪುಟ್ಟ ಲೋಟದಲ್ಲಿ ಅಳೆದು ಕೊಡುತ್ತಿದ್ದಳು. ಬೇಸಿಗೆಯಲ್ಲಿ ಒಂದು ಗುಟುಕು ಹೆಚ್ಚಿಗೆ ಬೇಡಿದರೆ ಬಯ್ಯುತ್ತಿದ್ದಳು. ನನ್ನ ಸೈಕಲ್ಲಿಗೆ ದೊಡ್ಡ ಬಾಟಲಿ ಎರಡು ಸಿಕ್ಕಿಸಿದ್ದೆ.

ಬೀಗರು ಜೇಬಿನಿಂದ ಮಡಿಸಿದ ಐನೂರರ ನೋಟು ತೆಗೆದು ಅಕ್ಕನ ಕೈಲಿಟ್ಟರು, ರಸೀತಿ ಕೇಳಲಿಲ್ಲ. ನಾನು ಎಷ್ಟು ದೂರ ತುಳಿಯುತ್ತೇನೆಂದೂ ಕೇಳಲಿಲ್ಲ. ಆಮೇಲೆ ಮನೆಗೆ ಹುಡುಗನನ್ನು ಓಡಿಸಿ ಒಂದು ಪಂಚೆ ತರಿಸಿದರು. "ಉಟ್ಕಳಿ ಬೀಗ್ರೆ. ಸಂಗಮದಲ್ಲಿ ಹೆಂಗಸ್ರು ಮಕ್ಳು ಇರ್ತಾರೆ."

ಉಟ್ಟೆ. ಮೊಣಕಾಲ ಮೇಲೆ ಎತ್ತಿ ಕಟ್ಟಿ ತುಳಿದೆ. ಅರ್ಕಾವತಿ ಬಂದು ಕಾವೇರಿಗೆ ಸೇರುವಲ್ಲಿ ಫೋಟೋ ತೆಗೆಯುವ ಹುಡುಗ, "ಸರ್, ಪಂಚೆ ಸ್ಪಾನ್ಸರ್ ಹೆಸರು ಮುಚ್ಚುತ್ತಿದೆ, ತೆಗೀರಿ" ಎಂದ. ನಾನು ತೆಗೆಯಲಿಲ್ಲ. ಹಿಂದಿನ ಸಾಲಿಗೆ ಕಳಿಸಿದ.

ಅಕ್ಕ ಆ ಫೋಟೋವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ ಸ್ವಲ್ಪ ಹೊತ್ತಿಗೇ ಮಗಳ ಫೋನು. "ಅಪ್ಪ, ಅದು ನಮ್ಮ ಮದುವೇಲಿ ನೀವೇ ದೊಡ್ಡಮಾವನಿಗೆ ಉಡುಗೊರೆ ಕೊಟ್ಟ ಪಂಚೆ. ಅಂಚಿಗೇನದು ಕಪ್ಪಗೆ? ಚೈನಿನ ಗ್ರೀಸಾ? ಹಾಗೇ ವಾಪಸ್ ಕೊಟ್ಟೀರಿ, ನಾನು ಈ ಮನೇಲಿ ಬಾಳಬೇಕು."