ಕರಿಬೇವಿಗೆ ದೀಪ, ನನಗೆ ಬ್ಲೋವರ್: ಒಂದು ಲಾನಿನ ಸಂದರ್ಶನ

ನವೆಂಬರ್ ಮಧ್ಯದ ಶನಿವಾರ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಶಿರಸಿ ಕಡೆಯವರೊಬ್ಬರ ಮನೆ ಮುಂದಿನ ಲಾನ್ ಸಂದರ್ಶನಕ್ಕೆ ಒಪ್ಪಿತು. ಷರತ್ತು ಒಂದೇ, ಚಪ್ಪಲಿ ಬಿಟ್ಟು ಬರಬೇಕು. ಎರಡನೇ ಪ್ರಶ್ನೆಗೇ ಕಾಲು ಮರಗಟ್ಟಿತು.

ಚಳಿಗಾಲದ ತಯಾರಿ ಹೇಗಿದೆ?

ನನ್ನದೇನಿದೆ? ಬೇರು ಗಟ್ಟಿ ಮಾಡಿಕೊಂಡು ಮಲಗುವವನು ನಾನು. ಓಡಾಟವೆಲ್ಲ ಯಜಮಾನರದ್ದು. ಮೊನ್ನೆ 14ನೇ ತಾರೀಕು ರಾತ್ರಿ ಫೋನಿನ ಬೆಳಕಲ್ಲಿ ಗೊಬ್ಬರ ಎರಚಿದರು.

ರಾತ್ರಿಯಲ್ಲಿ ಯಾಕೆ?

ಮರುದಿನದಿಂದ ನಿಷೇಧ! ಸಾರಜನಕ, ರಂಜಕದ ಗೊಬ್ಬರವನ್ನು ನವೆಂಬರ್ 15ರಿಂದ ಮಾರ್ಚ್ 1ರವರೆಗೆ ಹಾಕಬಾರದೆಂದು 2011ರಲ್ಲಿ ಈ ರಾಜ್ಯ ಕಾನೂನು ಮಾಡಿದೆ. ನಾನು ಉಣ್ಣದ್ದು ಮಳೆಗೆ ಕೊಚ್ಚಿಹೋಗಿ ಬಾರ್ನೆಗಾಟ್ ಕೊಲ್ಲಿಯಂಥ ಕಡೆ ಪಾಚಿ ಬೆಳೆಸುತ್ತದೆ. ನನಗೆ ಹಸಿವಿದ್ದದ್ದು ಸೆಪ್ಟೆಂಬರ್‌ನಲ್ಲಿ. ಆಗ ಅವರು ಕನ್ನಡ ಕೂಟದ ನಾಟಕದಲ್ಲಿ ದುರ್ಯೋಧನ.

ನೀವು ಕೆಂಟಕಿ ಬ್ಲೂಗ್ರಾಸ್. ಹುಟ್ಟೂರು ಕೆಂಟಕಿಯೇ?

ಯುರೋಪಿನಿಂದ ಬಂದ ವಲಸಿಗ, ಸ್ವಾಮಿ. ವೀಸಾ ಗೀಸಾ ಯಾರೂ ಕೇಳಲಿಲ್ಲ. ಯಜಮಾನರು ಗ್ರೀನ್ ಕಾರ್ಡಿಗೆ ಇನ್ನೂ ಕಾಯುತ್ತಿದ್ದಾರೆ. 2005ರ ಅಧ್ಯಯನವೊಂದು ಹೇಳಿದಂತೆ ಅಮೆರಿಕದಲ್ಲಿ ನಮ್ಮ ಹಾಸು ಸುಮಾರು 1.6 ಲಕ್ಷ ಚದರ ಕಿಲೋಮೀಟರ್. ನಿಮ್ಮ ಇಡೀ ಕರ್ನಾಟಕವೇ 1.91 ಲಕ್ಷ. ಇಷ್ಟು ಹುಲ್ಲಿದ್ದೂ ಒಂದು ಹಸು ಬಾಯಿ ಹಾಕುವಂತಿಲ್ಲ.

ಎಲೆಗಳ ಗಲಾಟೆ ಜೋರಾಗಿದೆಯಲ್ಲ?

ಮೇಪಲ್ ನಮ್ಮದು, ಎಲೆ ಎಲ್ಲರದ್ದು. ಬ್ಲೋವರ್ ಹಿಡಿದು ಇವರು ಪಕ್ಕದವರ ಗಡಿಗೆ ನೂಕುತ್ತಾರೆ, ಅವರು ಸಂಜೆ ವಾಪಸು ಕಳಿಸುತ್ತಾರೆ. ಕಾವೇರಿಗಾದರೂ ನ್ಯಾಯಮಂಡಳಿ ಇತ್ತು! ಕೊನೆಗೆ ಕಂದು ಕಾಗದದ ಚೀಲಕ್ಕೆ ತುಂಬಿ ರಸ್ತೆ ಬದಿ ಇಡುತ್ತಾರೆ, ಊರಿನ ಲಾರಿ ಒಯ್ಯುತ್ತದೆ. ಏಪ್ರಿಲ್‌ನಲ್ಲಿ ಅಂಗಡಿಗೆ ಹೋಗಿ ಎಲೆಗೊಬ್ಬರದ ಮೂಟೆ ಕೊಂಡು ತರುತ್ತಾರೆ. ಶಿರಸಿಯಲ್ಲಿ ಇವರ ಅಪ್ಪಯ್ಯ ಆಳಿಗೆ ಕೂಲಿ ಕೊಟ್ಟು ಬೆಟ್ಟದ ದರಕು ಗುಡಿಸಿ ಹೊರೆ ಹೊರೆಯಾಗಿ ತೋಟಕ್ಕೆ ತರಿಸುತ್ತಾರೆ. ಮಗ ಅದನ್ನೇ ಚೀಲ ಕಟ್ಟಿ ಹೊರಗೆ ಹಾಕುತ್ತಾನೆ.

ಹಾಗಾದರೆ ಎಲೆ ಬಿದ್ದಲ್ಲೇ ಬಿಡಬೇಕೆ?

ದಪ್ಪಗೆ ಬಿದ್ದರೆ ಉಸಿರು ಕಟ್ಟುತ್ತದೆ, ಸುಳ್ಳು ಹೇಳಲಾರೆ. ಮೋವರ್ ಎರಡು ಸಲ ಓಡಿಸಿದರೆ ಪುಡಿಯಾಗಿ ನನ್ನ ಹೊಟ್ಟೆ ಸೇರುತ್ತದೆ. ಉಳಿದದ್ದನ್ನು ಗಿಡಗಳ ಬುಡಕ್ಕೆ ಹಾಕಿ, ಮಿಂಚುಹುಳದ ಮರಿಗಳು ಅಲ್ಲೇ ಚಳಿಗಾಲ ಕಳೆಯುತ್ತವೆ.

ಹೊಟ್ಟೆಕಿಚ್ಚು ಯಾರ ಮೇಲಾದರೂ?

ಕರಿಬೇವಿನ ಮೇಲೆ. ರಾತ್ರಿ ತುಸು ಥಂಡಿಯಾದರೆ ಸಾಕು, ಕುಂಡ ಸಮೇತ ಹಾಲ್‌ಗೆ ಮೆರವಣಿಗೆ. ಕಿಟಕಿ ಪಕ್ಕದ ಜಾಗ, ತಲೆ ಮೇಲೊಂದು ದೀಪ, ಎಲೆ ಒರೆಸುವ ಸೇವೆ. ಅದು ಸತ್ತರೆ ಒಗ್ಗರಣೆ ನಿಲ್ಲುತ್ತದೆ. ನಾನು ಸತ್ತರೆ ನಾಲ್ಕು ಹಿಡಿ ಬೀಜ.

ಓದುಗರಿಗೆ ಏನಾದರೂ?

ಹೊರಗಿನ ನಲ್ಲಿಯ ಪೈಪು ಬಿಚ್ಚಿ, ಒಳಗಿನ ವಾಲ್ವ್ ಮುಚ್ಚಿ, ಉಳಿದ ನೀರು ಬಸಿದುಹೋಗಲು ಬಿಡಿ. ಹೆಪ್ಪುಗಟ್ಟಿ ಕೊಳವೆ ಒಡೆದರೆ ನೀರು ಗೋಡೆಯೊಳಗೇ ಸೋರುತ್ತದೆ. ಹತ್ತು ನಿಮಿಷದ ಕೆಲಸ. ನಮ್ಮ ಯಜಮಾನರು ಇನ್ನೂ ಮಾಡಿಲ್ಲ, ನೀವು ಹೋಗುವಾಗ ಬೆಲ್ ಒತ್ತಿ ಒಂದು ಮಾತು ಹೇಳಿ.